ಇಂಜಿನ್ ಕವರ್‌ಗೆ ಪ್ಯಾಕಿಂಗ್ ಬದಲು ಪೇಸ್ಟ್: ಎಲ್ಲಿ ಸರಿ, ಎಲ್ಲಿ ಗಾಡಿಗೆ ಕುತ್ತು? ಬೈಕ್ ಇರುವವರು ಓದಲೇಬೇಕಾದ ಮಾಹಿತಿ

ರಾತ್ರಿ ಮನೆ ಮುಂದೆ ನಿಲ್ಲಿಸಿದ ಬೈಕನ್ನು ಬೆಳಗ್ಗೆ ತೆಗೆಯುವಾಗ ನೆಲದ ಮೇಲೆ ಹತ್ತು ರೂಪಾಯಿ ನಾಣ್ಯದಗಲ ಆಯಿಲ್ ಕಲೆ. ಬಗ್ಗಿ ನೋಡಿದರೆ ಇಂಜಿನ್ ಪಕ್ಕದ ಕವರ್ ಅಂಚಿನಲ್ಲಿ ಧೂಳು ಮೆತ್ತಿಕೊಂಡ ಕರಿ ಜಿಡ್ಡು. ಗ್ಯಾರೇಜಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು. ‘ಪ್ಯಾಕಿಂಗ್ ಹೋಗಿದೆ, ತರಿಸ್ಬೇಕು, ಎರಡು ದಿನ ಆಗುತ್ತೆ’ ಅನ್ನೋದು ಒಂದು. ‘ಪ್ಯಾಕಿಂಗ್ ಯಾಕೆ ಬಿಡಿ, ಪೇಸ್ಟ್ ಹಾಕಿ ಕೊಡ್ತೀನಿ, ಅರ್ಧ ಗಂಟೆ ಕೂತ್ಕೊಳ್ಳಿ’ ಅನ್ನೋದು ಇನ್ನೊಂದು.

ಡೇರಿಗೆ ಹಾಲಿನ ಕ್ಯಾನ್ ಒಯ್ಯುವವರಿಗೆ, ಸಂತೆಯಿಂದ ಸಂತೆಗೆ ಓಡಾಡುವ ವ್ಯಾಪಾರಿಗಳಿಗೆ, ದಿನಾ 30-40 ಕಿಲೋಮೀಟರ್ ಕೆಲಸಕ್ಕೆ ಹೋಗಿ ಬರುವವರಿಗೆ ಎರಡು ದಿನ ಗಾಡಿ ಬಿಡುವುದು ಅಂದ್ರೆ ಎರಡು ದಿನದ ದುಡಿಮೆ ಬಿಟ್ಟ ಹಾಗೆ. ಹಾಗಾಗಿ ಎರಡನೇ ಉತ್ತರವೇ ಹೆಚ್ಚು ಜನಕ್ಕೆ ಇಷ್ಟವಾಗುತ್ತೆ.

ಪೇಸ್ಟ್ ಹಾಕಿಸಿದ್ದೆಲ್ಲ ತಪ್ಪು ಅಂತೇನೂ ಇಲ್ಲ. ಕೆಲವು ಜಾಗಕ್ಕೆ ಬೈಕ್ ಕಂಪನಿಗಳೇ ಪೇಸ್ಟ್ ಹಾಕಿ ಇಂಜಿನ್ ಕೂಡಿಸುತ್ತವೆ. ಆದರೆ ಪ್ಯಾಕಿಂಗ್ ಇರಬೇಕಾದ ಜಾಗದಲ್ಲಿ ಅದನ್ನು ತೆಗೆದು ಬರೀ ಪೇಸ್ಟ್ ಮೆತ್ತಿದರೆ ಇವತ್ತು ನಿಂತ ಸೋರಿಕೆ ನಾಳೆ ಇಂಜಿನ್ ಬಿಚ್ಚುವ ಕೆಲಸಕ್ಕೆ ಬರಬಹುದು. ಯಾಕೆ ಹೀಗೆ? ಯಾವ ಜಾಗಕ್ಕೆ ಯಾವುದು ಸರಿ? ಇಲ್ಲಿದೆ ವಿವರ.

ಪ್ಯಾಕಿಂಗ್ ಮಾಡುವ ಕೆಲಸ ಏನು?

ನಮ್ಮ ಕಡೆ ಪ್ಯಾಕಿಂಗ್ ಅಂತ ಕರೆಯುವುದು ಗ್ಯಾಸ್ಕೆಟ್ ಅನ್ನು. ಬೈಕ್ ಇಂಜಿನ್‌ನ ಬಾಡಿ, ಅದರ ಎಡಬಲದ ಕವರ್‌ಗಳು ಅಲ್ಯೂಮಿನಿಯಂನವು. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹದ ಮುಖಗಳನ್ನು ಒತ್ತಿ ಹಿಡಿದಾಗ ನಡುವೆ ಸಣ್ಣ ಸಣ್ಣ ಸಂದುಗಳು ಉಳಿದೇ ಉಳಿಯುತ್ತವೆ. ಬಿಸಿಯಾದ ಆಯಿಲ್ ತೆಳ್ಳಗಾಗಿ ಆ ಸಂದುಗಳಿಂದ ಹೊರಗೆ ಬರುತ್ತೆ. ನಡುವೆ ಮೆತ್ತಗಿನ ಹಾಳೆಯೊಂದನ್ನು ಇಟ್ಟು ಬೋಲ್ಟ್ ಬಿಗಿದರೆ ಅದು ಒತ್ತಿಕೊಂಡು ಸಂದು ತುಂಬುತ್ತದೆ.

ಕ್ಲಚ್ ಕವರ್, ಮ್ಯಾಗ್ನೆಟ್ ಕವರ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ನಾರು ಸೇರಿಸಿ ಮಾಡಿದ ಕಾಗದದ ಪ್ಯಾಕಿಂಗ್. ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್ ದಪ್ಪ. ಟ್ಯಾಪೆಟ್ ಕವರ್‌ಗಳಲ್ಲಿ ರಬ್ಬರ್ ರಿಂಗ್ ಇರುತ್ತದೆ. ಸಿಲಿಂಡರ್ ಹೆಡ್ ಕೆಳಗೆ ಇರುವುದು ಬೆಂಕಿಯ ಶಾಖ ತಡೆಯುವ ಲೋಹದ ಅಥವಾ ಲೋಹ ಸೇರಿದ ಪ್ಯಾಕಿಂಗ್. ಒಂದೊಂದು ಜಾಗದ ಶಾಖ, ಒತ್ತಡ ಬೇರೆ ಬೇರೆ. ಅದಕ್ಕೇ ಪ್ಯಾಕಿಂಗ್‌ಗಳೂ ಬೇರೆ ಬೇರೆ.

ಪಕ್ಕದ ಕವರ್‌ಗಳ ಮೇಲೆ ಬೀಳುವ ಒತ್ತಡ ದೊಡ್ಡದೇನಲ್ಲ. ಒಳಗೆ ಸಿಡಿಯುವ ಆಯಿಲ್ ಹೊರಗೆ ಬರದಂತೆ ತಡೆದರೆ ಸಾಕು. ಪೇಸ್ಟ್ ಹಾಕಿದರೂ ಸೋರಿಕೆ ನಿಲ್ಲುವುದು ಇದೇ ಕಾರಣಕ್ಕೆ. ಸೋರಿಕೆ ನಿಂತಿತು ಅಂದ ಮೇಲೆ ಕೆಲಸ ಸರಿಯಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಪ್ಯಾಕಿಂಗ್‌ಗೆ ಇನ್ನೊಂದು ಕೆಲಸವೂ ಇದೆ ಅನ್ನೋದು ಅಲ್ಲಿ ಮರೆತು ಹೋಗುತ್ತೆ.

ಅರ್ಧ ಮಿಲಿಮೀಟರ್ ಲೆಕ್ಕ

ಪ್ಯಾಕಿಂಗ್‌ನ ದಪ್ಪವೂ ಇಂಜಿನ್‌ನ ಅಳತೆಯ ಒಂದು ಭಾಗ. ಹಲವು ಇಂಜಿನ್‌ಗಳಲ್ಲಿ ಕಿಕ್ಕರ್ ಶಾಫ್ಟ್, ಸ್ಟಾರ್ಟರ್ ಗೇರ್‌ನ ಪಿನ್ ಮುಂತಾದವುಗಳ ಒಂದು ತುದಿ ಕವರ್ ಒಳಗೇ ಕೂತಿರುತ್ತದೆ. ಈ ಶಾಫ್ಟ್‌ಗಳು ಅಡ್ಡಡ್ಡ ಕೂದಲೆಳೆಯಷ್ಟು ಆಡುವ ಹಾಗೆ ಜಾಗ ಬಿಟ್ಟಿರುತ್ತಾರೆ. ಆ ಜಾಗವನ್ನು ಲೆಕ್ಕ ಹಾಕುವಾಗ ಪ್ಯಾಕಿಂಗ್ ದಪ್ಪವನ್ನೂ ಸೇರಿಸಿರುತ್ತಾರೆ.

ಪ್ಯಾಕಿಂಗ್ ತೆಗೆದು ಪೇಸ್ಟ್ ಹಾಕಿ ಬೋಲ್ಟ್ ಬಿಗಿದರೆ ಪೇಸ್ಟ್ ಬಹುತೇಕ ಹಿಂಡಿ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಕವರ್ ಅರ್ಧ ಮಿಲಿಮೀಟರ್ ಒಳಗೆ ಸರಿದ ಹಾಗಾಯಿತು. ಆಗ ಕಿಕ್ಕರ್ ಬಿಗಿಯಾಗಿ ವಾಪಸ್ ಬರದೇ ಇರಬಹುದು, ಶಾಫ್ಟ್ ಮತ್ತು ವಾಷರ್ ಉಜ್ಜಿ ಸವೆಯಬಹುದು. ಕ್ಲಚ್ ಒತ್ತುವ ವ್ಯವಸ್ಥೆ ಕವರ್‌ನಲ್ಲೇ ಇದ್ದರೆ ಕ್ಲಚ್ ಫ್ರೀ ಪ್ಲೇ ಬದಲಾಗುತ್ತೆ. ‘ಕವರ್ ಬಿಚ್ಚಿಸಿದ ಮೇಲಿಂದ ಕಿಕ್ಕರ್ ಗಟ್ಟಿ ಆಯ್ತು’ ಅನ್ನೋರು ಮೊದಲು ಕೇಳಬೇಕಾದ ಪ್ರಶ್ನೆ, ಪ್ಯಾಕಿಂಗ್ ಹಾಕಿದ್ದಾರಾ ಇಲ್ಲವಾ ಅಂತ.

ಸಿಲಿಂಡರ್ ಕೆಳಗಿನ ಬೇಸ್ ಪ್ಯಾಕಿಂಗ್ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಅದನ್ನು ತೆಗೆದರೆ ಸಿಲಿಂಡರ್ ಕೆಳಗಿಳಿದು ಪಿಸ್ಟನ್ ಹೆಡ್‌ಗೆ ಹತ್ತಿರ ಬರುತ್ತದೆ, ಕಂಪ್ರೆಷನ್ ಏರುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಪೋರ್ಟ್ ತೆರೆಯುವ, ಮುಚ್ಚುವ ಸಮಯವೇ ಬದಲಾಗುತ್ತೆ. ಹಾಗಾಗಿ ಬೇಸ್ ಪ್ಯಾಕಿಂಗ್ ಬದಲು ಪೇಸ್ಟ್ ಅನ್ನುವ ಮಾತೇ ಬೇಡ.

ಅಸಲಿ ಅಪಾಯ ಕಾಣದ ಕಡೆ

ಪೇಸ್ಟ್ ಹಾಕಿ ಕವರ್ ಕೂಡಿಸಿದಾಗ ಅಂಚಿನಲ್ಲಿ ಬೂದು ಅಥವಾ ಕೆಂಪು ಬಣ್ಣದ ಪೇಸ್ಟ್ ಹೊರಗೆ ಉಬ್ಬಿ ಬಂದಿರುವುದನ್ನು ಎಲ್ಲರೂ ನೋಡಿರುತ್ತಾರೆ. ‘ಚೆನ್ನಾಗಿ ಹಾಕಿದ್ದಾನೆ’ ಅಂತ ಖುಷಿಯೂ ಪಡುತ್ತಾರೆ. ಆದರೆ ಹೊರಗೆ ಎಷ್ಟು ಹಿಂಡಿ ಬಂದಿದೆಯೋ ಒಳಗೂ ಹೆಚ್ಚು ಕಡಿಮೆ ಅಷ್ಟೇ ಹೋಗಿರುತ್ತದೆ. ಹೊರಗಿನದನ್ನು ಬೆರಳಲ್ಲಿ ಒರೆಸಬಹುದು. ಒಳಗಿನದನ್ನು ಒರೆಸುವವರು ಯಾರೂ ಇಲ್ಲ.

ಒಳಗೆ ಹೋದ ಸಿಲಿಕೋನ್ ರಬ್ಬರ್ ಎಳೆಯಂತೆ ಗಟ್ಟಿಯಾಗಿ ಕವರ್ ಅಂಚಿಗೆ ನೇತಾಡುತ್ತಿರುತ್ತದೆ. ಬಿಸಿ ಆಯಿಲ್ ಸಿಡಿದು ಸಿಡಿದು ಒಂದು ದಿನ ತುಂಡಾಗಿ ಆಯಿಲ್‌ಗೆ ಬೀಳುತ್ತೆ. ಅಲ್ಲಿಂದ ಅದು ಹೋಗುವ ಜಾಗ ಆಯಿಲ್ ಪಂಪ್‌ನ ಜಾಲರಿ.

ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣುವ ಸ್ಪ್ಲೆಂಡರ್ ಮಾದರಿಯ 100 ಸಿಸಿ ಇಂಜಿನ್‌ಗಳನ್ನೇ ತೆಗೆದುಕೊಳ್ಳಿ. ಕಾರಿನಲ್ಲಿ ಇರುವಂತೆ ಬದಲಾಯಿಸುವ ಕಾಗದದ ಫಿಲ್ಟರ್ ಇವುಗಳಲ್ಲಿ ಇಲ್ಲ. ಬಲಬದಿಯ ಕವರ್ ಹಿಂದೆ ಒಂದು ಸಣ್ಣ ಜಾಲರಿ, ಕಸವನ್ನು ಸುತ್ತಿ ಅಂಚಿಗೆ ತಳ್ಳುವ ತಿರುಗು ಫಿಲ್ಟರ್, ಇಷ್ಟೇ. ಇಡೀ ಇಂಜಿನ್‌ನಲ್ಲಿ ಇರುವುದು ಒಂದು ಲೀಟರ್ ಆಸುಪಾಸಿನ ಆಯಿಲ್. ಅಷ್ಟೇ ಆಯಿಲ್ ಗೇರ್, ಕ್ಲಚ್, ಕ್ರ್ಯಾಂಕ್, ಮೇಲಿನ ಕ್ಯಾಮ್‌ವರೆಗೆ ಸುತ್ತಬೇಕು. ಜಾಲರಿಗೆ ಪೇಸ್ಟ್ ಚೂರುಗಳು ಅಂಟಿಕೊಂಡರೆ ಪಂಪ್‌ಗೆ ಎಳೆಯಲು ಆಯಿಲ್ ಸಾಕಾಗಲ್ಲ. ಮೊದಲು ಪೆಟ್ಟು ಬೀಳುವುದು ತುಂಬಾ ಮೇಲಿರುವ ಕ್ಯಾಮ್ ಮತ್ತು ರಾಕರ್‌ಗೆ. ಆಮೇಲೆ ಕನೆಕ್ಟಿಂಗ್ ರಾಡ್ ಬೇರಿಂಗ್‌ಗೆ.

ಕೆಲವು ಇಂಜಿನ್‌ಗಳಲ್ಲಿ ಕ್ಲಚ್ ಕವರ್ ಒಳಗೇ ಆಯಿಲ್ ಹರಿಯುವ ದಾರಿ ಕೊರೆದಿರುತ್ತಾರೆ. ಆ ದಾರಿಯ ತೂತು ಕವರ್ ಮುಖದಲ್ಲೇ ಬೋಲ್ಟ್ ತೂತಿನ ಪಕ್ಕ ಇರುತ್ತದೆ. ಕೈಯಲ್ಲಿ ಸಿಕ್ಕಾಪಟ್ಟೆ ಪೇಸ್ಟ್ ಬಳಿದರೆ ಆ ತೂತು ಅಲ್ಲೇ ಮುಚ್ಚಿಹೋಗುತ್ತದೆ. ಆಯಿಲ್ ಲೆವೆಲ್ ಸರಿ ಇರುತ್ತೆ, ಸೋರಿಕೆಯೂ ಇರಲ್ಲ, ಆದರೂ ಇಂಜಿನ್ ಒಣಗಿ ಹೋಗಿರುತ್ತೆ. ಸಾಮಾನ್ಯ ಕಮ್ಯೂಟರ್ ಬೈಕ್‌ಗಳಲ್ಲಿ ಆಯಿಲ್ ಒತ್ತಡ ತೋರಿಸುವ ದೀಪ ಇರುವುದು ಅಪರೂಪ. ‘ಕಟ ಕಟ’ ಸದ್ದು ಬರುವವರೆಗೆ ಸವಾರನಿಗೆ ಗೊತ್ತಾಗೋದೇ ಇಲ್ಲ.

ಕಂಪನಿಯವರೇ ಪೇಸ್ಟ್ ಹಾಕ್ತಾರಲ್ಲ?

ಇದು ಮೆಕ್ಯಾನಿಕ್‌ಗಳು ಕೇಳುವ ಪ್ರಶ್ನೆ. ಪ್ರಶ್ನೆ ಸರಿಯೇ. ಹಳೆಯ ಆರ್‌ಎಕ್ಸ್ 100 ಇದಕ್ಕೆ ಒಳ್ಳೆ ಉದಾಹರಣೆ. ಅದರ ಇಂಜಿನ್ ಬಾಡಿಯ ಎರಡು ಹೋಳುಗಳು ಕೂಡುವ ನಡು ಸೀಳಿಗೆ ಪ್ಯಾಕಿಂಗ್ ಇಲ್ಲ, ಬಾಂಡ್ ಮಾತ್ರ. ಅದೇ ಇಂಜಿನ್‌ನ ಕ್ಲಚ್ ಕವರ್‌ಗೆ ಕಾಗದದ ಪ್ಯಾಕಿಂಗ್. ಒಂದೇ ಇಂಜಿನ್‌ನಲ್ಲಿ ಎರಡೂ ಇವೆ.

ಕಾರಣ ಸರಳ. ನಡು ಸೀಳಿನಲ್ಲಿ ಕ್ರ್ಯಾಂಕ್ ಮತ್ತು ಗೇರ್ ಶಾಫ್ಟ್‌ಗಳ ಬೇರಿಂಗ್‌ಗಳು ಕೂರುತ್ತವೆ. ಅಲ್ಲಿ ಲೋಹಕ್ಕೆ ಲೋಹ ತಾಗುವ ಹಾಗೆಯೇ ಅಳತೆ ಹಾಕಿ, ಮುಖವನ್ನು ನುಣ್ಣಗೆ ಮಾಡಿರುತ್ತಾರೆ. ಪೇಸ್ಟ್‌ನ ಕೆಲಸ ಸೂಕ್ಷ್ಮ ಗೆರೆಗಳನ್ನು ತುಂಬುವುದಷ್ಟೇ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಈ ಸೀಳು ಸೋರಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಮಿಶ್ರಣದಲ್ಲಿ ಪೆಟ್ರೋಲ್ ಮತ್ತು ಆಯಿಲ್ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವೂ ಇದೆ. ಅದಕ್ಕೇ ಅಲ್ಲಿಗೆ ಕಂಪನಿ ಹೇಳಿದ ಬಾಂಡ್ ಅನ್ನೇ ಬಳಸಬೇಕು. ಇನ್ನು ಕೆಲವು ಗಾಡಿಗಳಲ್ಲಿ ನಡು ಸೀಳಿಗೂ ಕಾಗದದ ಪ್ಯಾಕಿಂಗ್ ಇರುತ್ತದೆ. ಅಲ್ಲಿ ಅದನ್ನು ಬಿಡುವ ಹಾಗಿಲ್ಲ.

ಪ್ಯಾಕಿಂಗ್ ಜೊತೆಗೇ ಚೂರು ಪೇಸ್ಟ್ ಹಾಕುವ ಜಾಗಗಳೂ ಇವೆ. ಇಂಜಿನ್ ಬಾಡಿಯ ನಡು ಸೀಳು ಬಂದು ಕವರ್ ಮುಖಕ್ಕೆ ಸೇರುವ ಮೂಲೆ, ಮ್ಯಾಗ್ನೆಟ್ ಕಾಯಿಲ್‌ನ ವೈರು ಹೊರಗೆ ಬರುವ ರಬ್ಬರ್ ಬುಷ್, ಕೆಲವು ಗಾಡಿಗಳ ಟ್ಯಾಪೆಟ್ ಕವರ್‌ನ ಅರ್ಧಚಂದ್ರ ಆಕಾರದ ಮೂಲೆ. ಇಂಥ ಕಡೆ ಅಕ್ಕಿ ಕಾಳಿನಷ್ಟು ಪೇಸ್ಟ್ ಸಾಕು. ಸರ್ವಿಸ್ ಮ್ಯಾನುಯಲ್‌ನಲ್ಲೂ ಅದನ್ನೇ ತೋರಿಸಿರುತ್ತಾರೆ.

ಒಟ್ಟಿನಲ್ಲಿ, ಕವರ್ ಬಿಚ್ಚಿದಾಗ ಮೊದಲು ಅಲ್ಲಿ ಏನಿತ್ತೋ ಅದನ್ನೇ ವಾಪಸ್ ಹಾಕಬೇಕು. ಕಾಗದ ಇದ್ದ ಕಡೆ ಅದೇ ದಪ್ಪದ ಕಾಗದ, ಪೇಸ್ಟ್ ಇದ್ದ ಕಡೆ ಪೇಸ್ಟ್, ರಬ್ಬರ್ ಇದ್ದ ಕಡೆ ರಬ್ಬರ್.

ಪೇಸ್ಟ್ ಅಂದ್ರೆ ಎಲ್ಲಾ ಒಂದೇ ಅಲ್ಲ

ಹಿಂದೆ ಗ್ಯಾರೇಜ್‌ಗಳಲ್ಲಿ ಶೆಲ್ಯಾಕ್ ಓಡುತ್ತಿತ್ತು. ಅದು ಅರಗಿನಿಂದ ಮಾಡಿದ್ದು, ಬಡಗಿಗಳು ಪಾಲಿಶ್‌ಗೆ ಬಳಸುವುದೂ ಅದನ್ನೇ. ಒಣಗಿದರೆ ಗಾಜಿನಂತೆ ಗಟ್ಟಿ. ಮುಂದಿನ ಸಲ ಬಿಚ್ಚುವಾಗ ಕೆರೆದು ಕೆರೆದು ಕವರ್ ಮುಖ ಹಾಳಾಗುತ್ತಿತ್ತು.

ಈಗ ಹೆಚ್ಚು ಮಾರಾಟವಾಗುವುದು ಟ್ಯೂಬ್‌ನಲ್ಲಿ ಬರುವ ಆರ್‌ಟಿವಿ ಸಿಲಿಕೋನ್. ಇದು ಗಾಳಿಯಲ್ಲಿರುವ ತೇವ ಹೀರಿಕೊಂಡು ಗಟ್ಟಿಯಾಗಿ ರಬ್ಬರ್ ಆಗುತ್ತದೆ. ಸುಮಾರು 10 ನಿಮಿಷಕ್ಕೆ ಮೇಲೆ ಕೆನೆ ಕಟ್ಟುತ್ತದೆ. ಆದರೆ ಒಳಗೆ ಗಟ್ಟಿಯಾಗುವುದು ನಿಧಾನ, ದಿನಕ್ಕೆ 2-3 ಮಿಲಿಮೀಟರ್ ಅಷ್ಟೇ. ಪೂರ್ತಿ ಗಟ್ಟಿಯಾಗಲು ಸಾಮಾನ್ಯವಾಗಿ 24 ಗಂಟೆ ಬೇಕು. ‘ಅರ್ಧ ಗಂಟೆ ಕೂತ್ಕೊಳ್ಳಿ’ ಅನ್ನುವ ಲೆಕ್ಕ ಇಲ್ಲಿಗೆ ಹೊಂದಲ್ಲ. ಮಳೆಗಾಲದಲ್ಲಿ ತೇವ ಜಾಸ್ತಿ ಇರುವುದರಿಂದ ಕೆನೆ ಬೇಗ ಕಟ್ಟುತ್ತೆ, ಕವರ್ ಕೂಡಿಸಲು ಸಿಗುವ ಸಮಯ ಇನ್ನೂ ಕಡಿಮೆ.

ಸಿಲಿಕೋನ್‌ನಲ್ಲೂ ಎರಡು ಬಗೆ. ಟ್ಯೂಬ್ ತೆರೆದಾಗ ವಿನೆಗರ್‌ನಂತೆ ಹುಳಿ ವಾಸನೆ ಮೂಗಿಗೆ ಹೊಡೆದರೆ, ಅದು ಗಟ್ಟಿಯಾಗುವಾಗ ಅಸಿಟಿಕ್ ಆಸಿಡ್ ಬಿಡುವ ಜಾತಿ. ಗಾಜು, ಬಾತ್‌ರೂಂ, ಮೀನಿನ ತೊಟ್ಟಿಗೆ ಹಾಕುವ ಸಿಲಿಕೋನ್‌ಗಳು ಹೆಚ್ಚಾಗಿ ಇದೇ. ಆ ಆಸಿಡ್ ಲೋಹವನ್ನು ತಿನ್ನಬಲ್ಲದು, ಆಯಿಲ್ ತಡೆಯುವ ಶಕ್ತಿಯೂ ಅದಕ್ಕೆ ಕಡಿಮೆ. ಇಂಜಿನ್‌ಗೆ ಬೇಕಾದ್ದು ಆಸಿಡ್ ಬಿಡದ, ಆಯಿಲ್ ತಡೆಯುವ, ಇಂಜಿನ್‌ಗೆ ಎಂದೇ ಬರೆದಿರುವ ಟ್ಯೂಬ್.

ಕೆಂಪು, ಕಪ್ಪು, ಬೂದು ಅಂತ ಬಣ್ಣ ನೋಡಿ ಕೊಳ್ಳುವ ಅಭ್ಯಾಸ ಇದೆ. ಕೆಂಪು ಹೆಚ್ಚು ಶಾಖಕ್ಕೆ, ಬೂದು ಇಂಜಿನ್ ಮುಖಗಳಿಗೆ ಅನ್ನೋ ರೂಢಿ ಇದ್ದರೂ ಬಣ್ಣಕ್ಕೆ ಎಲ್ಲಾ ಕಂಪನಿಗಳೂ ಒಪ್ಪಿದ ನಿಯಮ ಇಲ್ಲ. ಲೇಬಲ್ ಓದುವುದೇ ಸರಿ.

ಮೂರನೇ ಜಾತಿಯೊಂದಿದೆ. ಎರಡು ಲೋಹಗಳ ನಡುವೆ ಗಾಳಿ ಸಿಗದಿದ್ದಾಗ ಮಾತ್ರ ಗಟ್ಟಿಯಾಗುವ ದ್ರವ, ಅನರೋಬಿಕ್ ಸೀಲೆಂಟ್. ಇದರಲ್ಲಿ ಒಂದು ಅನುಕೂಲ ಇದೆ. ಒಳಕ್ಕೆ ಹಿಂಡಿ ಹೋದ ಹೆಚ್ಚುವರಿ ಗಟ್ಟಿಯಾಗದೆ ದ್ರವವಾಗೇ ಉಳಿದು ಆಯಿಲ್‌ನಲ್ಲಿ ಕರಗಿ ಹೋಗುತ್ತದೆ, ಜಾಲರಿ ಕಟ್ಟಲ್ಲ. ಆದರೆ ಇದು ನುಣುಪಾದ, ಸಮತಟ್ಟಾದ ಲೋಹಕ್ಕೆ ಲೋಹ ಕೂಡುವ ಜಾಗಕ್ಕೆ ಮಾತ್ರ. ಕೆರೆದು ಗುಂಡಿ ಬಿದ್ದ ಕವರ್‌ಗೆ ಇದು ಆಗಲ್ಲ. ಬೆಲೆಯೂ ಜಾಸ್ತಿ.

ಈ ಜಾಗಗಳಿಗೆ ಬೇಡವೇ ಬೇಡ

- ಸಿಲಿಂಡರ್ ಹೆಡ್ ಪ್ಯಾಕಿಂಗ್: ಒಳಗೆ ಪೆಟ್ರೋಲ್ ಉರಿಯುವಾಗ ಗಾಳಿಯ ಒತ್ತಡದ ಹತ್ತಾರು ಪಟ್ಟು ಒತ್ತಡ ಬೀಳುತ್ತೆ. ಪೇಸ್ಟ್ ಉಳಿಯಲ್ಲ.
- ಸಿಲಿಂಡರ್ ಬೇಸ್: ದಪ್ಪದ ಲೆಕ್ಕ ತಪ್ಪುತ್ತದೆ.
- ಕಾರ್ಬ್ಯುರೇಟರ್, ಪೆಟ್ರೋಲ್ ಕಾಕ್: ಸಾಮಾನ್ಯ ಸಿಲಿಕೋನ್ ಪೆಟ್ರೋಲ್‌ನಲ್ಲಿ ಉಬ್ಬಿ, ಬಿಟ್ಟುಕೊಂಡು, ಚೂರಾಗಿ ಜೆಟ್‌ಗೆ ಸಿಕ್ಕಿಕೊಳ್ಳುತ್ತದೆ.
- ಸೈಲೆನ್ಸರ್ ಬೆಂಡ್‌ನ ಬಾಯಿ: ಶಾಖ ತೀರಾ ಜಾಸ್ತಿ. ಅಲ್ಲಿಗೆ ಲೋಹದ ರಿಂಗೇ ಆಗಬೇಕು.
- ಆಯಿಲ್ ಡ್ರೈನ್ ಬೋಲ್ಟ್: ಹೊಸ ವಾಷರ್ ಹಾಕಬೇಕು, ಪೇಸ್ಟ್ ಅಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಈ ಗಾಡಿಗಳ ಹೊಗೆ ದಾರಿಯಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಕೆಲವು ಸಿಲಿಕೋನ್‌ಗಳು ಬಿಡುವ ಆವಿ ಇಂಜಿನ್‌ನ ಬ್ರೀದರ್ ಮೂಲಕ ಎಳೆದುಕೊಂಡು ಒಳಗೆ ಉರಿದು, ಸೆನ್ಸರ್ ಮೇಲೆ ಪದರ ಕಟ್ಟಿ ಅದನ್ನು ಹಾಳು ಮಾಡಬಹುದು. ಅಂಥ ಗಾಡಿಗೆ ‘ಸೆನ್ಸರ್ ಸೇಫ್’ ಎಂದು ಬರೆದ ಟ್ಯೂಬ್ ಮಾತ್ರ ಬಳಸಬೇಕು.

ಮೊದಲು ಸೋರುತ್ತಿರುವುದು ಎಲ್ಲಿಂದ ನೋಡಿ

ಎಷ್ಟೋ ಸಲ ಪ್ಯಾಕಿಂಗ್ ಚೆನ್ನಾಗೇ ಇರುತ್ತೆ, ಸೋರುವುದು ಬೇರೆ ಕಡೆಯಿಂದ. ಗೇರ್ ಲಿವರ್ ಶಾಫ್ಟ್‌ನ ಆಯಿಲ್ ಸೀಲ್, ಚೈನ್ ಸ್ಪ್ರಾಕೆಟ್ ಹಿಂದಿನ ಸೀಲ್ ಹೋದರೂ ಆಯಿಲ್ ಹರಿದು ಕವರ್ ಅಂಚಿಗೇ ಬರುತ್ತದೆ. ಮೇಲೆ ಟ್ಯಾಪೆಟ್ ಕವರ್ ರಬ್ಬರ್ ಹೋದರೆ ಹನಿ ಇಳಿಯುವುದು ಕೆಳಗಿನ ಕವರ್ ಮೇಲೆ. ಇಲ್ಲಿ ಕವರ್‌ಗೆ ಎಷ್ಟು ಪೇಸ್ಟ್ ಮೆತ್ತಿದರೂ ಸೋರಿಕೆ ನಿಲ್ಲಲ್ಲ.

ಪತ್ತೆ ಹಚ್ಚಲು ಮನೆಯಲ್ಲೇ ಮಾಡುವ ಉಪಾಯ ಇದೆ. ಇಂಜಿನ್ ತಣ್ಣಗಿರುವಾಗ ಚೆನ್ನಾಗಿ ತೊಳೆದು ಒಣಗಿಸಿ. ಅಂಚುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ನೋಡಿ. ಆಯಿಲ್ ಶುರುವಾಗುವ ಜಾಗದಲ್ಲಿ ಪೌಡರ್ ಒದ್ದೆಯಾಗಿ ಗೆರೆ ಎದ್ದು ಕಾಣುತ್ತದೆ.

ಆಯಿಲ್ ಲೆವೆಲ್ ಗುರುತಿಗಿಂತ ಮೇಲೆ ಹಾಕಿದ್ದರೆ, ಬ್ರೀದರ್ ಪೈಪ್ ಮಣ್ಣು ಕಟ್ಟಿ ಮುಚ್ಚಿದ್ದರೆ, ಪಿಸ್ಟನ್ ರಿಂಗ್ ಸವೆದಿದ್ದರೆ ಒಳಗಿನ ಒತ್ತಡ ಹೆಚ್ಚಿ ಒಳ್ಳೆ ಪ್ಯಾಕಿಂಗ್‌ನಿಂದಲೂ ಆಯಿಲ್ ಜಿನುಗುತ್ತದೆ. ಕಾರಣ ಸರಿಪಡಿಸದೆ ಪೇಸ್ಟ್ ಹಾಕಿದರೆ ಆಯಿಲ್ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಬೋಲ್ಟ್ ಸಡಿಲವಾಗಿರುವುದೇ ಕಾರಣವಾಗಿದ್ದರೆ ಸರಿಯಾಗಿ ಬಿಗಿದರೆ ಮುಗೀತು, ಖರ್ಚೇ ಇಲ್ಲ.

ಸಣ್ಣ ಸೋರಿಕೆ ಅಂತ ಬಿಡುವ ಹಾಗೂ ಇಲ್ಲ. ಇಂಜಿನ್ ಆಯಿಲ್ ಹಿಂದಕ್ಕೆ ಹಾರಿ ಹಿಂದಿನ ಟೈರ್‌ಗೆ ತಾಗಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ಪ್ಯಾಕಿಂಗ್ ಬದಲಿಸುವಾಗ ಹೀಗೆ ಮಾಡಿಸಿ

1. ಹಳೆ ಪ್ಯಾಕಿಂಗ್ ಕೆರೆಯಲು ಸ್ಕ್ರೂ ಡ್ರೈವರ್, ಉಳಿ ಬೇಡ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಒಂದು ಗೀರು ಬಿದ್ದರೂ ಸೋರಿಕೆಗೆ ಕಾಯಂ ದಾರಿಯಾಗುತ್ತದೆ. ಪ್ಲಾಸ್ಟಿಕ್ ಅಥವಾ ಮರದ ಚಪ್ಪಟೆ ತುಂಡು ಬಳಸಬೇಕು. ಗಟ್ಟಿ ಇದ್ದರೆ ಪ್ಯಾಕಿಂಗ್ ಬಿಡಿಸುವ ಸ್ಪ್ರೇ ಸಿಗುತ್ತದೆ.

2. ಒರಟು ಎಮರಿ ಹಾಕಿ ಉಜ್ಜಬಾರದು. ಮುಖ ತಗ್ಗು ಬೀಳುತ್ತೆ, ಎಮರಿ ಪುಡಿ ಬೇರಿಂಗ್‌ಗೆ ಹೋಗುತ್ತೆ. ಕೆರೆಯುವ ಮೊದಲು ಇಂಜಿನ್ ಒಳಗೆ ಚೊಕ್ಕ ಬಟ್ಟೆ ತುಂಬಿ, ಆಮೇಲೆ ನೆನಪಿನಿಂದ ತೆಗೆಯಬೇಕು.

3. ಕವರ್ ಬೋಲ್ಟ್‌ಗಳು ಬೇರೆ ಬೇರೆ ಉದ್ದ ಇರುತ್ತವೆ. ಒಂದು ರಟ್ಟಿನ ಮೇಲೆ ಕವರ್ ಚಿತ್ರ ಬರೆದು, ಬಿಚ್ಚಿದ ಬೋಲ್ಟ್‌ಗಳನ್ನು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಅದಲು ಬದಲಾಗಲ್ಲ. ಗಿಡ್ಡ ತೂತಿಗೆ ಉದ್ದ ಬೋಲ್ಟ್ ಹಾಕಿ ಬಿಗಿದರೆ ಬಾಡಿಯೇ ಸೀಳಬಹುದು.

4. ಕವರ್ ಸರಿಯಾದ ಜಾಗಕ್ಕೆ ಕೂರಲು ಎರಡು ಸಣ್ಣ ಡೋವೆಲ್ ಪಿನ್‌ಗಳಿರುತ್ತವೆ. ಕೆಳಗೆ ಬಿದ್ದು ಕಳೆದುಹೋಗದಂತೆ ನೋಡಿಕೊಳ್ಳಬೇಕು.

5. ಎರಡೂ ಮುಖಗಳಲ್ಲಿ ಆಯಿಲ್ ಪಸೆ ಇಲ್ಲದಂತೆ ಒರೆಸಿ ಒಣಗಿಸಿ, ಹೊಸ ಪ್ಯಾಕಿಂಗ್ ಇಟ್ಟು ಕವರ್ ಕೂಡಿಸಬೇಕು. ಮುಖ ಚೆನ್ನಾಗಿದ್ದರೆ ಪೇಸ್ಟ್ ಬೇಕಿಲ್ಲ. ಕಾಗದದ ಎರಡೂ ಕಡೆ ದಪ್ಪಗೆ ಸಿಲಿಕೋನ್ ಬಳಿದರೆ ಬಿಗಿಯುವಾಗ ಪ್ಯಾಕಿಂಗ್ ಜಾರಿ ಹೊರಗೆ ಬರುವುದೂ ಇದೆ.

6. ಬೋಲ್ಟ್‌ಗಳನ್ನು ಮೊದಲು ಎಲ್ಲವನ್ನೂ ಕೈಯಲ್ಲಿ ತಿರುಗಿಸಿ, ಆಮೇಲೆ ಎದುರು ಬದುರು ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಕವರ್‌ನ 6 ಎಂಎಂ ಬೋಲ್ಟ್‌ಗೆ ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ಅಂದ್ರೆ 10 ಸೆಂಟಿಮೀಟರ್ ಹಿಡಿಯ ಸ್ಪ್ಯಾನರ್ ತುದಿಗೆ 10 ಕಿಲೋ ಭಾರ ಬಿಟ್ಟಷ್ಟು. ‘ಇನ್ನೊಂದು ಏಟು ಬಿಗಿ’ ಅಂದ್ರೆ ಥ್ರೆಡ್ ಕಿತ್ತು ಬರುತ್ತೆ.

ಪೇಸ್ಟ್ ಹಾಕಲೇಬೇಕಾದ ಜಾಗದಲ್ಲಿ

ಮೇಲಿನದ್ದೆಲ್ಲ ಇಲ್ಲಿಗೂ ಅನ್ವಯ. ಅದರ ಜೊತೆಗೆ, ಪೇಸ್ಟ್ ಅನ್ನು ಒಂದೇ ಕಡೆಯ ಮುಖಕ್ಕೆ 1-2 ಮಿಲಿಮೀಟರ್ ದಪ್ಪದ ಎಳೆಯಂತೆ, ಎಲ್ಲೂ ಕಡಿಯದಂತೆ ಬಿಡಬೇಕು. ಬೋಲ್ಟ್ ತೂತು ಬಂದಾಗ ಎಳೆ ಅದರ ಸುತ್ತ ಬಳಸಿ ಹೋಗಬೇಕು. ಆಯಿಲ್ ತೂತಿನ ಹತ್ತಿರ ಹೋಗಬಾರದು. ಕೆನೆ ಕಟ್ಟುವ ಮೊದಲೇ, ಅಂದ್ರೆ 10 ನಿಮಿಷದ ಒಳಗೆ ಕವರ್ ಕೂಡಿಸಬೇಕು. ಒಮ್ಮೆ ಕೂರಿಸಿ ಮತ್ತೆ ಎತ್ತಿದರೆ ಪೂರ್ತಿ ಒರೆಸಿ ಹೊಸದಾಗಿ ಹಾಕಬೇಕು. ರಾತ್ರಿಯಿಡೀ ಬಿಟ್ಟು ಮರುದಿನ ಆಯಿಲ್ ತುಂಬುವುದು ಒಳ್ಳೆಯದು.

ಬಿಗಿದಾಗ ಹೊರಗೆ ಕಂಡೂ ಕಾಣದಷ್ಟು ಸಣ್ಣ ಗೆರೆ ಬಂದರೆ ಪ್ರಮಾಣ ಸರಿಯಾಗಿದೆ ಅಂತ ಅರ್ಥ. ಬೆರಳಲ್ಲಿ ಬಳಿದು ತೆಗೆಯುವಷ್ಟು ಬಂದರೆ ಒಳಗೂ ಅಷ್ಟೇ ಹೋಗಿದೆ. ಆಗ ಮತ್ತೆ ಬಿಚ್ಚಿ ಒರೆಸುವುದೇ ಸರಿ.

ಪ್ಯಾಕಿಂಗ್ ಸಿಗದಿದ್ದರೆ?

ಈಗ ಓಡುತ್ತಿರುವ ಕಮ್ಯೂಟರ್ ಬೈಕ್‌ಗಳ ಕವರ್ ಪ್ಯಾಕಿಂಗ್ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಕಷ್ಟ ಇರುವುದು ಹಳೆ ಗಾಡಿಗಳಿಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಹಳೆ ಯೆಜ್ಡಿಗಳು ಇವತ್ತಿಗೂ ಊರೂರಲ್ಲಿ ಓಡುತ್ತಿವೆ. ಅಂಥ ಗಾಡಿ ಇಟ್ಟುಕೊಂಡವರಿಗೆ ಪ್ಯಾಕಿಂಗ್ ಹಾಳೆಯೇ ದಾರಿ.

ಆಯಿಲ್ ತಡೆಯುವ ಪ್ಯಾಕಿಂಗ್ ಹಾಳೆ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಹಳೆ ಪ್ಯಾಕಿಂಗ್‌ನ ದಪ್ಪ ಅಳೆದು ಅದೇ ದಪ್ಪದ ಹಾಳೆ ತಂದು, ಕವರ್ ಮುಖಕ್ಕೆ ಸ್ವಲ್ಪ ಆಯಿಲ್ ಹಚ್ಚಿ ಹಾಳೆ ಮೇಲೆ ಒತ್ತಿದರೆ ಅಚ್ಚು ಬೀಳುತ್ತದೆ. ಅದರ ಮೇಲೆ ಕತ್ತರಿಸಿದರಾಯಿತು. ಕವರ್ ಮೇಲೆ ಹಾಳೆ ಇಟ್ಟು ಸುತ್ತಿಗೆಯಲ್ಲಿ ಕುಟ್ಟಿ ಕತ್ತರಿಸುವ ಹಳೆ ಪದ್ಧತಿಯಲ್ಲಿ ಅಲ್ಯೂಮಿನಿಯಂ ಅಂಚು ನೆಗ್ಗುತ್ತದೆ. ಆಯಿಲ್ ದಾರಿಯ ತೂತುಗಳನ್ನು ಹಾಳೆಯಲ್ಲೂ ತಪ್ಪದೆ ತೆಗೆಯಬೇಕು. ಅದೊಂದು ಮರೆತರೂ ಇಂಜಿನ್‌ಗೆ ಆಯಿಲ್ ಹೋಗಲ್ಲ.

ನಡುರಸ್ತೆಯಲ್ಲಿ ಸಿಕ್ಕಿಬಿದ್ದು, ಮನೆ ಸೇರಲು ಪೇಸ್ಟ್ ಒಂದೇ ದಾರಿ ಅನ್ನುವ ಸಂದರ್ಭ ಬರಬಹುದು. ತೆಳ್ಳಗೆ ಹಾಕಿ, ಕಿಕ್ಕರ್ ಮತ್ತು ಗೇರ್ ಸಲೀಸಾಗಿ ತಿರುಗುತ್ತವಾ ನೋಡಿ, ನಿಧಾನ ಓಡಿಸಿಕೊಂಡು ಬನ್ನಿ. ಆದರೆ ಅದು ಮನೆ ಸೇರುವ ಮಟ್ಟಿಗೆ. ಪ್ಯಾಕಿಂಗ್ ತರಿಸಿ ಮತ್ತೆ ಬಿಚ್ಚಿಸಿ ಹಾಕಿಸುವವರೆಗೆ ಆ ಕೆಲಸ ಮುಗಿದಿಲ್ಲ ಎಂದೇ ತಿಳಿಯಬೇಕು.

ಈಗಾಗಲೇ ಪೇಸ್ಟ್ ಹಾಕಿಸಿದವರು

ಗಾಬರಿ ಬೇಡ. ಮುಂದಿನ ಆಯಿಲ್ ಬದಲಾವಣೆಯನ್ನು ಸ್ವಲ್ಪ ಬೇಗ ಮಾಡಿಸಿ, ತೆಗೆದ ಆಯಿಲ್ ಅನ್ನು ಬಟ್ಟೆಯಲ್ಲಿ ಸೋಸಿ ನೋಡಿ. ರಬ್ಬರ್ ಚೂರು, ಎಳೆ ಸಿಕ್ಕರೆ ಕವರ್ ಬಿಚ್ಚಿಸಿ ಜಾಲರಿ ತೊಳೆಸಿ, ಒಳ ಅಂಚಿನ ಪೇಸ್ಟ್ ತೆಗೆಸಿ, ಪ್ಯಾಕಿಂಗ್ ಹಾಕಿಸಿ. ಏನೂ ಸಿಗದಿದ್ದರೂ ಕಿಕ್ಕರ್ ಬಿಗಿ, ಕ್ಲಚ್ ಆಟ, ಮೇಲ್ಗಡೆಯ ಸದ್ದು ಇವುಗಳ ಮೇಲೆ ಒಂದು ಕಣ್ಣಿರಲಿ. ಮುಂದಿನ ಸಲ ಯಾವ ಕೆಲಸಕ್ಕೇ ಕವರ್ ಬಿಚ್ಚಿದರೂ ಪ್ಯಾಕಿಂಗ್ ಹಾಕಿಸಿಬಿಡಿ.

ಅಂಗಡಿಯವರ ಗಮನಕ್ಕೆ

ಟ್ಯೂಬ್ ಕೇಳಿದವರಿಗೆ ‘ಯಾವುದಕ್ಕೆ’ ಅಂತ ಒಂದು ಮಾತು ಕೇಳಿದರೆ ಒಂದು ಇಂಜಿನ್ ಉಳಿಯಬಹುದು. ಹಾರ್ಡ್‌ವೇರ್ ಅಂಗಡಿಯ ಗಾಜಿನ ಸಿಲಿಕೋನ್ ಅನ್ನು ಇಂಜಿನ್‌ಗೆ ಕೊಡಬೇಡಿ. ಟ್ಯೂಬ್ ಮೇಲಿನ ಅವಧಿ ದಿನಾಂಕ ನೋಡಿ ಇಡಿ. ಅವಧಿ ಮೀರಿದ ಸಿಲಿಕೋನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗೇ ಉಳಿಯಬಹುದು. ಬಿಸಿಲು ಬೀಳುವ ಗಾಜಿನ ಶೋಕೇಸ್‌ಗಿಂತ ತಂಪಾದ, ಒಣ ಜಾಗದ ಶೆಲ್ಫ್ ವಾಸಿ.

ಪಾರ್ಟ್ಸ್ ಅಂಗಡಿಯವರು ತಮ್ಮ ಊರಲ್ಲಿ ಹೆಚ್ಚು ಓಡುವ ನಾಲ್ಕೈದು ಮಾದರಿಗಳ ಎಡ, ಬಲ ಕವರ್ ಪ್ಯಾಕಿಂಗ್‌ಗಳನ್ನು ಸದಾ ಇಟ್ಟುಕೊಂಡರೆ, ‘ಎರಡು ದಿನ ಆಗುತ್ತೆ’ ಅನ್ನುವ ಮಾತೇ ಬರಲ್ಲ. ಮಡಚಿದ ಪ್ಯಾಕಿಂಗ್ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಚಪ್ಪಟೆಯಾಗಿ ಇಡಬೇಕು.

ಗಾಡಿ ಮಾಲೀಕರೂ ಇದನ್ನೇ ಮಾಡಬಹುದು. ತಮ್ಮ ಬೈಕಿನ ಎರಡು ಕವರ್ ಪ್ಯಾಕಿಂಗ್ ಮೊದಲೇ ತಂದು ಹಳೆ ನೋಟ್‌ಬುಕ್ ಒಳಗೆ ಇಟ್ಟುಕೊಂಡರೆ ಸೋರಿದ ದಿನವೇ ಕೆಲಸ ಮುಗಿಯುತ್ತೆ. ಗ್ಯಾರೇಜಿನಲ್ಲಿ ಕವರ್ ಬಿಚ್ಚುವ ಮೊದಲು ಎರಡು ಪ್ರಶ್ನೆ ಕೇಳಿ: ‘ಇಲ್ಲಿ ಕಂಪನಿ ಏನು ಹಾಕಿತ್ತು? ನೀವು ಏನು ಹಾಕ್ತೀರಿ?’ ಎರಡಕ್ಕೂ ಒಂದೇ ಉತ್ತರ ಬಂದರೆ ಧೈರ್ಯವಾಗಿ ಗಾಡಿ ಬಿಡಿ.